ಧಾಟಿ ಹಳೆಯದು, ಅಂಕಿತ ಹೊಸದು

ಪ್ರಶ್ನೆ: ನಾವು ಆಂಟಾಪ್ ಹಿಲ್‌ನ ಸಿಜಿಎಸ್ ಕಾಲನಿಯಲ್ಲಿದ್ದೇವೆ. ಕಾಲೇಜಿಗೆ ಹೋಗುವ ಮಗನಿಗೆ ಗಿಟಾರಿನ ಹುಚ್ಚು. ಹೊತ್ತಿಲ್ಲ ಗೊತ್ತಿಲ್ಲ, ಬಾಬ್ ಡಿಲನ್ ಹಾಡು ಹಚ್ಚಿಕೊಂಡು ಕೂರುತ್ತಾನೆ. ಆ ಡಿಲನ್ ಒಮ್ಮೆ ರಾಕ್ ಬಿಟ್ಟು ಯೇಸುವಿನ ಮೇಲೆಯೇ ಹಾಡು ಕಟ್ಟತೊಡಗಿದರಂತೆ, ಜನ ಬೈದರಂತೆ. ನಿಜವೆ? ಹಾಗೆ ತಿರುಗಿದವರ ಹಾಡಿನ ಗತಿ ಏನಾಗುತ್ತದೆ? ಬೆಳಿಗ್ಗೆ ನಾನು ದೇವರನಾಮ ಹೇಳಿಕೊಳ್ಳುವಾಗ ಮಗ, “ಅಮ್ಮ, ನಿನ್ನ ಪುರಂದರದಾಸರದ್ದೂ ಇದೇ ಕಥೆ ತಾನೆ?” ಎಂದು ಕೆಣಕುತ್ತಾನೆ. ಅವನಿಗೆ ಏನು ಹೇಳಲಿ?

— ಓದುಗರೊಬ್ಬರು, ಆಂಟಾಪ್ ಹಿಲ್, ಮುಂಬಯಿ

ಉತ್ತರ: ನೀವು ಕೇಳಿದ್ದು ಅರ್ಧ ನಿಜ. ಯೇಸುವಿನ ಮೇಲೆ ಹಾಡು ಕಟ್ಟಿದ್ದು ಹೌದು, ಜನ ಬೈದದ್ದೂ ಹೌದು. ರಾಕ್ ಬಿಟ್ಟರು ಎಂಬುದು ಮಾತ್ರ ಸರಿಯಲ್ಲ. ಆ ದಿನಗಳ ಅವರ ವಾದ್ಯವೃಂದವನ್ನು ಕೇಳಿ ನೋಡಿ; ಡ್ರಮ್ಮು, ಆರ್ಗನ್, ಗಿಟಾರು ಎಲ್ಲವೂ ಹಿಂದಿನ ವರ್ಷಗಳಿಗಿಂತ ಖಡಕ್ಕಾಗಿವೆ. ನಿಮ್ಮ ಮಗನ ಕೆಣಕು ಪ್ರಶ್ನೆಯಲ್ಲಿ ಹುರುಳಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಮೊದಲು ನಡೆದದ್ದೇನು ನೋಡೋಣ.

ಡಿಲನ್ ಹುಟ್ಟಿದ್ದು 1941ರಲ್ಲಿ, ಅಮೆರಿಕದ ಮಿನೆಸೋಟ ರಾಜ್ಯದ ಯಹೂದಿ ಮನೆಯಲ್ಲಿ. ಮನೆಯವರು ಇಟ್ಟ ಹೆಸರು ರಾಬರ್ಟ್ ಜಿಮ್ಮರ್‌ಮನ್. 1960ರ ದಶಕದಲ್ಲಿ ಅವರ ಹಾಡುಗಳು ಒಂದು ತಲೆಮಾರಿನ ಬಾಯಿಪಾಠವಾಗಿದ್ದವು. 1978ರ ಹೊತ್ತಿಗೆ ಚಿತ್ರ ಬೇರೆಯಾಗಿತ್ತು. ಹಿಂದಿನ ವರ್ಷವಷ್ಟೇ ಮದುವೆ ಮುರಿದಿತ್ತು. ಕೈಯಿಂದ ಹಣ ಹಾಕಿ ನಿರ್ದೇಶಿಸಿದ ನಾಲ್ಕು ಗಂಟೆಯ ಸಿನಿಮಾ ನೆಲಕಚ್ಚಿತ್ತು. ಒಂದೇ ವರ್ಷದಲ್ಲಿ ದೇಶ ದೇಶ ಸುತ್ತಿ ನೂರಕ್ಕೂ ಹೆಚ್ಚು ಕಛೇರಿ ಕೊಡುತ್ತ ದಣಿದಿದ್ದರು. ಆ ನವೆಂಬರಿನಲ್ಲಿ ಸ್ಯಾನ್ ಡಿಯೇಗೊ ಊರಿನ ಕಛೇರಿಯಲ್ಲಿ ಯಾರೋ ವೇದಿಕೆಯತ್ತ ಒಂದು ಬೆಳ್ಳಿಯ ಶಿಲುಬೆ ಎಸೆದರು. ಜನ ಎಸೆದದ್ದನ್ನು ಸಾಮಾನ್ಯವಾಗಿ ಮುಟ್ಟದ ಡಿಲನ್ ಅಂದು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಮುಂದೆ ಅರಿಜೋನದ ಹೋಟೆಲ್ ಕೋಣೆಯಲ್ಲಿ ಯೇಸುವಿನ ಸಾನ್ನಿಧ್ಯ ತಮ್ಮ ಅನುಭವಕ್ಕೆ ಬಂತು ಎಂದರು. ಶಿಲುಬೆಯ ಕಥೆಯನ್ನು ಒಂದು ವರ್ಷದ ಬಳಿಕ ವೇದಿಕೆಯ ಮೇಲೆ ಅವರೇ ಹೇಳಿಕೊಂಡದ್ದು. 1979ರ ಆರಂಭದಲ್ಲಿ ಕ್ಯಾಲಿಫೋರ್ನಿಯದ ‘ವಿನ್‌ಯಾರ್ಡ್ ಫೆಲೋಶಿಪ್’ ಎಂಬ ಸಭೆಯ ಬೈಬಲ್ ತರಗತಿಗೆ ಸೇರಿ, ಜಗತ್ತಿಗೇ ಗೊತ್ತಿರುವ ಈ ಹಾಡುಗಾರ ಮೂರು ತಿಂಗಳ ಮಟ್ಟಿಗೆ ಹುಡುಗನಂತೆ ಪಾಠ ಕೇಳಿದರು.

ಅಲ್ಲಿಂದ ಹುಟ್ಟಿದ್ದು ‘ಸ್ಲೋ ಟ್ರೇನ್ ಕಮಿಂಗ್’ ಎಂಬ ಆಲ್ಬಮ್. ಧ್ವನಿಮುದ್ರಣಕ್ಕೆ ಅವರು ಆರಿಸಿಕೊಂಡದ್ದು ದಕ್ಷಿಣದ ಅಲಬಾಮದಲ್ಲಿರುವ ಮಸಲ್ ಶೋಲ್ಸ್ ಸ್ಟುಡಿಯೊ. ನಿರ್ಮಾಪಕರಾಗಿ ಕರೆದದ್ದು ಜೆರ್ರಿ ವೆಕ್ಸ್ಲರ್ ಅವರನ್ನು. ರೇ ಚಾರ್ಲ್ಸ್, ಅರೀತ ಫ್ರಾಂಕ್ಲಿನ್ ಅಂಥವರ ಹಾಡು ಮುದ್ರಿಸಿ ಪಳಗಿದ ಕೈ ಅದು. ಡಿಲನ್ ಕೆಲಸದ ನಡುವೆ ಅವರಿಗೂ ಬೈಬಲ್ ಬೋಧಿಸಲು ಹೊರಟರಂತೆ. ಎದುರಿಗಿದ್ದವರು ಅರವತ್ತೆರಡರ ಯಹೂದಿ, ಅದರ ಮೇಲೆ ಪಕ್ಕಾ ನಾಸ್ತಿಕ. ನನ್ನ ಮೇಲೆ ಇದು ನಾಟುವುದಿಲ್ಲ, ಹಾಡು ಮುಗಿಸೋಣ ಎಂಬ ಧಾಟಿಯಲ್ಲಿ ವೆಕ್ಸ್ಲರ್ ಮಾತು ತಿರುಗಿಸಿದರು. ಭಕ್ತಿಯ ಆಲ್ಬಮನ್ನು ನಾಸ್ತಿಕರೊಬ್ಬರು ಚೊಕ್ಕವಾಗಿ ಕಟ್ಟಿಕೊಟ್ಟರು. ಗಿಟಾರ್ ನುಡಿಸಿದ್ದು ‘ಡೈರ್ ಸ್ಟ್ರೇಟ್ಸ್’ ತಂಡದ ಮಾರ್ಕ್ ನಾಫ್ಲರ್. ನಿಮ್ಮ ಮಗನಿಗೆ ಈ ಹೆಸರು ಹೇಳಿ, ಕಿವಿ ನೆಟ್ಟಗಾಗುತ್ತದೆ. 1979ರ ಆಗಸ್ಟಿನಲ್ಲಿ ಬಂದ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಅದರ ಮೊದಲ ಹಾಡು ‘ಗಾಟಾ ಸರ್ವ್ ಸಮ್‌ಬಡಿ’ಗೆ ಮರುವರ್ಷ ಗ್ರ್ಯಾಮಿ ಬಂತು. ನೀನು ಎಂಥ ದೊಡ್ಡ ಮನುಷ್ಯನಾದರೂ ಯಾರಾದರೊಬ್ಬರ ಊಳಿಗದಲ್ಲಿಯೇ ಇರುತ್ತೀ, ಆ ಯಜಮಾನ ಯಾರು ಎಂದು ನೋಡಿಕೋ ಎಂಬುದು ಅದರ ತಿರುಳು. ದಾಸಸಾಹಿತ್ಯ ಕೇಳಿ ಬೆಳೆದ ನಿಮಗೆ ಇದು ಹೊಸ ಮಾತಲ್ಲ.

ಹಾಗಾದರೆ ಬೈದದ್ದು ಯಾವಾಗ? 1979ರ ನವೆಂಬರಿನಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ವಾರ್‌ಫೀಲ್ಡ್ ಥಿಯೇಟರಿನಲ್ಲಿ ಡಿಲನ್ ಹದಿನಾಲ್ಕು ಕಛೇರಿ ಕೊಟ್ಟರು. ಟಿಕೆಟ್ ಕೊಂಡವರು ಹಳೆಯ ಹಾಡು ಕೇಳಲು ಕಾದಿದ್ದರು. ಡಿಲನ್ ಹಾಡಿದ್ದು ಹೊಸ ಭಕ್ತಿಗೀತೆಗಳನ್ನು ಮಾತ್ರ. ಹಳೆಯದು ಒಂದೂ ಇಲ್ಲ. ನಡುನಡುವೆ ಉಪದೇಶ ಬೇರೆ: ಲೋಕದ ಕೊನೆ ಹತ್ತಿರ ಬಂತು, ಎಚ್ಚೆತ್ತುಕೊಳ್ಳಿ ಎಂದು. ಕೆಲವರು ಕೂಗಿದರು, ಕೆಲವರು ಎದ್ದು ಹೋದರು, ಪತ್ರಿಕೆಗಳು ಚೆನ್ನಾಗಿ ಝಾಡಿಸಿದವು. ಹಾಡು ಕೇಳಲು ಬಂದವರಿಗೆ ಹಿಡಿಸದಿದ್ದದ್ದು ಮುಖ್ಯವಾಗಿ ಆ ಉಪದೇಶ. 1980ರಲ್ಲಿ ಬಂದ ‘ಸೇವ್ಡ್’ ಆಲ್ಬಮ್ ಅಮೆರಿಕದಲ್ಲಿ 24ನೆಯ ಸ್ಥಾನದಲ್ಲೇ ನಿಂತಿತು. ಬೀಟಲ್ಸ್‌ನ ಜಾನ್ ಲೆನನ್ ಮನೆಯಲ್ಲೇ ಕೂತು, ಬೇರೆಯವರ ಊಳಿಗ ಯಾಕೆ, ನಿನ್ನ ಊಳಿಗ ನೀನೇ ಮಾಡಿಕೋ ಎಂದು ಅಣಕು ಹಾಡೊಂದನ್ನು ಮುದ್ರಿಸಿಟ್ಟುಕೊಂಡರು.

ಇಷ್ಟು ಕೇಳಿದರೆ, ಎತ್ತಲಿಂದಲೋ ಒಂದು ದೇವರು ಬಂದು ರಾಕ್ ಹಾಡಿನೊಳಗೆ ಹೊಕ್ಕಂತೆ ಕಾಣುತ್ತದೆ. ಆದರೆ ರಾಕ್‌ನ ತವರುಮನೆಯೇ ಚರ್ಚು. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಚಪ್ಪಾಳೆ, ಕೂಗು, ಒಬ್ಬರು ಹಾಡಿದ್ದಕ್ಕೆ ಎಲ್ಲರೂ ದನಿಗೂಡಿಸುವ ಪದ್ಧತಿ ತಲೆಮಾರುಗಳಿಂದ ಇತ್ತು. ನಮ್ಮ ಭಜನೆ ಮಂಡಳಿಯಲ್ಲಿ ಮುಂದಿನವರು ಎತ್ತಿಕೊಟ್ಟದ್ದನ್ನು ಹಿಂದಿನವರು ಹಿಡಿಯುವುದಿಲ್ಲವೆ, ಹಾಗೆ. ರೇ ಚಾರ್ಲ್ಸ್ 1950ರ ದಶಕದಲ್ಲಿ ಅಂಥದೊಂದು ಭಕ್ತಿಗೀತೆಯ ಮಟ್ಟನ್ನೇ ಎತ್ತಿಕೊಂಡು, ಯೇಸುವಿದ್ದ ಜಾಗದಲ್ಲಿ ಹೆಣ್ಣನ್ನು ಕೂರಿಸಿ ಪ್ರೇಮಗೀತೆ ಮಾಡಿದರು. ಸ್ಯಾಮ್ ಕುಕ್ ಭಕ್ತಿಗೀತೆಯ ತಂಡದಲ್ಲಿ ಹೆಸರಾಗಿ, ಆಮೇಲೆ ಪ್ರೇಮಗೀತೆಗೆ ಇಳಿದರು. ಲಿಟಲ್ ರಿಚರ್ಡ್ 1957ರಲ್ಲಿ ಆಸ್ಟ್ರೇಲಿಯ ಪ್ರವಾಸದ ನಡುವೆಯೇ ರಾಕ್ ಸಾಕೆಂದು ಉಂಗುರಗಳನ್ನು ನೀರಿಗೆಸೆದು ದೇವಶಾಸ್ತ್ರ ಓದಲು ಹೋದರು; ಐದು ವರ್ಷ ಕಳೆದು 1962ರಲ್ಲಿ ಮತ್ತೆ ರಾಕ್ ವೇದಿಕೆ ಹತ್ತಿದರು. ರಾಕ್‌ನ ರಾಜನೆನಿಸಿದ ಎಲ್ವಿಸ್ ಪ್ರೀಸ್ಲಿ ಹಾಡಿಗಾಗಿ ಗೆದ್ದ ಗ್ರ್ಯಾಮಿ ಮೂರು, ಮೂರೂ ಭಕ್ತಿಗೀತೆಗಳಿಗೆ. ಗಂಡನ ಮನೆಗೂ ತವರಿಗೂ ಮಧ್ಯೆ ಓಡಾಡುವ ಹೆಣ್ಣುಮಗಳ ಹಾಗೆ ಈ ಸಂಗೀತ ಮೊದಲಿನಿಂದಲೂ ಓಡಾಡಿಕೊಂಡೇ ಇತ್ತು.

ಡಿಲನ್‌ಗೂ ಆ ದಾರಿ ಹೊಸತಾಗಿರಲಿಲ್ಲ. ಅವರಿಗೆ ಹೆಸರು ತಂದ ‘ಬ್ಲೋಯಿಂಗ್ ಇನ್ ದ ವಿಂಡ್’ ಹಾಡಿನ ಮಟ್ಟಿಗೆ ಮೂಲ, ಗುಲಾಮಗಿರಿಯ ಕಾಲದ ಕಪ್ಪು ಜನರು ಹರಾಜುಕಟ್ಟೆಯ ನೋವನ್ನು ಹಾಡಿಕೊಂಡ ಒಂದು ಹಳೆಯ ಪದ. ಇದನ್ನು ಅವರೇ ಒಪ್ಪಿಕೊಂಡಿದ್ದಾರೆ. 1967ರ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಮಿನ ತುಂಬ ಬೈಬಲ್ಲಿನ ನೆರಳಿದೆ. ಆ ಕಾಲದಲ್ಲಿ ಅವರ ಮನೆಯಲ್ಲಿ ಪೀಠದ ಮೇಲೆ ದೊಡ್ಡ ಬೈಬಲ್ ತೆರೆದೇ ಇರುತ್ತಿತ್ತು, ಮಾತಿನ ನಡುವೆ ಎದ್ದು ಹೋಗಿ ಏನೋ ನೋಡಿಕೊಂಡು ಬರುತ್ತಿದ್ದ ಎಂದು ಅವರ ತಾಯಿ ನೆನೆಸಿಕೊಂಡಿದ್ದಾರೆ. ಎಂದರೆ ಮಟ್ಟು, ಮಾತಿನ ಸರಕು, ಕಥೆಗಳು ಎಲ್ಲ 1979ಕ್ಕೆ ಮುಂಚೆಯೇ ಮನೆಯೊಳಗಿದ್ದವು.

ಬದಲಾದದ್ದು ಅಂಕಿತ. ದಾಸರ ಪದದ ಕೊನೆಯಲ್ಲಿ ಪುರಂದರವಿಠಲ ಎಂದೋ ಕಾಗಿನೆಲೆಯಾದಿಕೇಶವ ಎಂದೋ ಬಂದ ಕೂಡಲೇ ಹಾಡು ಯಾರ ಪಾದಕ್ಕೆ ಸಲ್ಲುತ್ತದೆ ಎಂಬುದು ಖಚಿತವಾಗುತ್ತದಲ್ಲವೆ? ರಾಕ್ ಹಾಡಿಗೆ ಕಣ್ಣಿಗೆ ಕಾಣುವ ಅಂಕಿತವಿಲ್ಲ, ಕಾಣದ ಅಂಕಿತವಿದೆ. ಹೆಚ್ಚಿನ ಹಾಡುಗಳಲ್ಲಿ ಅದು ‘ನಾನು’. ನನ್ನ ಪ್ರೀತಿ, ನನ್ನ ಸಿಟ್ಟು, ನನ್ನ ಬಿಡುಗಡೆ. ಕೇಳುವವನು ಆ ‘ನಾನು’ ಎಂಬಲ್ಲಿ ತನ್ನನ್ನೇ ಇಟ್ಟುಕೊಳ್ಳುತ್ತಾನೆ. ಡಿಲನ್ ಆ ಜಾಗದಲ್ಲಿ ಯೇಸುವಿನ ಹೆಸರು ಬರೆದರು. ತಮ್ಮ ಜಾಗ ಕಳೆದುಕೊಂಡಂತೆ ಕೇಳುಗರಿಗೆ ಅನಿಸಿದ್ದು ಸಹಜ. ಅವರು ಯೇಸುವನ್ನು ದ್ವೇಷಿಸಿದರೆಂದಲ್ಲ; ಅಲ್ಲಿದ್ದ ಬಹಳ ಮಂದಿ ಕ್ರೈಸ್ತರೇ.

ಈಗ ನಿಮ್ಮ ಮಗನ ಮಾತಿಗೆ ಹತ್ತಿರ ಬಂದೆವು. ಪುರಂದರದಾಸರ ಕಥೆ ಗೊತ್ತೇ ಇದೆ: ನವಕೋಟಿ ನಾರಾಯಣ ಎನಿಸಿದ ಶ್ರೀನಿವಾಸ ನಾಯಕ, ಮಡದಿಯ ಮೂಗುತಿ, ಪೆಟ್ಟಿಗೆಯಲ್ಲಿಟ್ಟದ್ದು ಮಾಯ, ಮನೆಮಠ ಬಿಟ್ಟು ತಂಬೂರಿ ಹಿಡಿದದ್ದು, ವ್ಯಾಸರಾಯರಿಂದ ದೀಕ್ಷೆ. ಅದೂ ತಿರುವೇ, ಡಿಲನ್‌ರದಕ್ಕಿಂತ ದೊಡ್ಡ ತಿರುವು. ಆದರೆ ನಾಯಕರು ಮುಂಚೆ ಹಾಡುಗಾರರಾಗಿರಲಿಲ್ಲ, ಸಾಹುಕಾರರಾಗಿದ್ದರು. ನಿನ್ನೆಯ ಹಾಡು ಹಾಡು ಎಂದು ದಾಸರನ್ನು ಬೀದಿಯಲ್ಲಿ ಅಡ್ಡಗಟ್ಟುವವರು ಯಾರೂ ಇರಲಿಲ್ಲ. ಡಿಲನ್‌ರಿಗೆ ಹದಿನೇಳು ವರ್ಷದ ಹಳೆಯ ಹಾಡುಗಳಿದ್ದವು, ಅವುಗಳ ಮೇಲೆ ಹಕ್ಕಿದೆ ಎಂದು ನಂಬಿದ ಲಕ್ಷಾಂತರ ಜನರಿದ್ದರು. ಆದ್ದರಿಂದ ಮಗ ಹೇಳಿದ್ದು ಪೂರ್ತಿ ಹೊಂದುವುದಿಲ್ಲ.

ಹೊಂದುವ ಕಥೆಯೊಂದು ನೀವಿರುವ ಊರಿನಲ್ಲೇ ಇದೆ. ನಾರಾಯಣ ವಾಮನ ಟಿಳಕರು ಕೊಂಕಣದಲ್ಲಿ 1861ರಲ್ಲಿ ಹುಟ್ಟಿದ ಚಿತ್ಪಾವನ ಬ್ರಾಹ್ಮಣರು. ಮರಾಠಿಯಲ್ಲಿ ಆಗಲೇ ಕವಿಯೆಂದು ಹೆಸರಿದ್ದವರು. 1893ರಲ್ಲಿ ನಾಗಪುರದಿಂದ ಕೆಲಸ ಹುಡುಕಿ ಹೊರಟ ರೈಲಿನಲ್ಲಿ ಎದುರು ಕೂತ ಯುರೋಪಿಯನ್ ಒಬ್ಬರು ಅವರ ಕೈಗೆ ಹೊಸ ಒಡಂಬಡಿಕೆಯ ಪ್ರತಿ ಇಟ್ಟರು. ಓದಿದರು, ಒದ್ದಾಡಿದರು, 1895ರ ಫೆಬ್ರುವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಹೆಂಡತಿ ಲಕ್ಷ್ಮೀಬಾಯಿ ಸಿಡಿಲು ಬಡಿದಂತಾಗಿ ಕೆಲವು ವರ್ಷ ದೂರವೇ ಉಳಿದರು. ಬಳಿಕ ಅವರೂ ಅದೇ ದಾರಿ ಹಿಡಿದರು. ಆ ದಿನಗಳ ಕಷ್ಟವನ್ನೂ ನಗೆಯನ್ನೂ ಒಟ್ಟಿಗೆ ಬೆರೆಸಿ ಅವರು ಬರೆದ ‘ಸ್ಮೃತಿಚಿತ್ರೆ’ ಮರಾಠಿಯ ಅತ್ಯುತ್ತಮ ಆತ್ಮಕಥೆಗಳಲ್ಲಿ ಒಂದು.

ಟಿಳಕರ ಹಾಡುಗಳನ್ನು ನೋಡಿ. ಅವರಿಗಿಂತ ಮುಂಚೆ ಮರಾಠಿ ಚರ್ಚುಗಳಲ್ಲಿ ಇಂಗ್ಲಿಷ್ ಸ್ತೋತ್ರಗಳ ಅನುವಾದವೇ ಹೆಚ್ಚು; ವಿದೇಶೀ ಮಟ್ಟಿಗೆ ಮರಾಠಿ ಮಾತು ಜೋಡಿಸಿದರೆ ಕಾಲಿಗೆ ಹೊಂದದ ಬೂಟು ಹಾಕಿದಂತೆ. ಟಿಳಕರು ಅಭಂಗಕ್ಕೂ ಓವಿಗೂ ಮರಳಿದರು. ಜ್ಞಾನೇಶ್ವರ, ತುಕಾರಾಮರು ಬಳಸಿದ ಧಾಟಿಯಲ್ಲೇ ಕ್ರಿಸ್ತನನ್ನು ಕರೆದರು. ತುಕಾರಾಮನೆಂಬ ಸೇತುವೆ ದಾಟಿಯೇ ನಾನು ಕ್ರಿಸ್ತನ ಬಳಿ ಬಂದೆ ಎಂಬ ಅರ್ಥದ ಅವರ ಮಾತು ಇಂದಿಗೂ ಪ್ರಸಿದ್ಧ. ಸೇತುವೆ ದಾಟಿದ ಮೇಲೆ ಅದನ್ನು ಅವರು ಒಡೆಯಲಿಲ್ಲ. ಯೇಸುವಿನ ಕಥೆಯನ್ನು ಹೇಳುವ ‘ಖ್ರಿಸ್ತಾಯನ’ ಎಂಬ ಮಹಾಕಾವ್ಯವನ್ನು ಓವಿಯಲ್ಲಿ ಆರಂಭಿಸಿ, ಮುಗಿಸದೆ 1919ರಲ್ಲಿ ತೀರಿಕೊಂಡರು. ಅದರ ಬಹುಭಾಗವನ್ನು ಬರೆದು ಮುಂದುವರಿಸಿದ್ದು, ಒಂದು ಕಾಲಕ್ಕೆ ಮುನಿಸಿಕೊಂಡು ದೂರವಿದ್ದ ಅದೇ ಲಕ್ಷ್ಮೀಬಾಯಿ. ಟಿಳಕರ ಪದಗಳು ನೂರು ವರ್ಷ ಕಳೆದರೂ ಮರಾಠಿ ಚರ್ಚುಗಳಲ್ಲಿ ನಿಂತಿವೆ. ಡಿಲನ್ ತವರಿನ ಮಟ್ಟಿಗೆ ಮರಳಿದಂತೆ ಟಿಳಕರೂ ಮರಳಿದರು. ಇಬ್ಬರೂ ದಾರಿ ಬದಲಿಸಿದರು, ಧಾಟಿ ಬದಲಿಸಲಿಲ್ಲ.

ಆದರೆ ಯೇಸುವಿನ ಮೇಲೆ ಬರೆದವರೆಲ್ಲ ಹೀಗೆ ತಿರುಗಿದವರೇ ಎಂದುಕೊಳ್ಳಬೇಡಿ. ನಮ್ಮ ಕನ್ನಡದ ನಿಘಂಟುಕಾರ ಫರ್ಡಿನಂಡ್ ಕಿಟೆಲ್ 1862ರಲ್ಲೇ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಈ ನೆಲದ ಛಂದಸ್ಸಿಗೆ ಕೂರಿಸಿದರು, ಅವರು ಬಂದದ್ದೇ ಪಾದ್ರಿಯಾಗಿ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಹಾಡಿದರು, ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಲ್ಲಿ ಹಾಡಿದರು, ಹುಟ್ಟಿದ ಧರ್ಮದಲ್ಲೇ ಉಳಿದರು. 1974ರಲ್ಲಿ ಅಲೀಕ್ ಪದಮ್‌ಸೀ ನಿಮ್ಮ ಮುಂಬಯಿಯಲ್ಲಿ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಎಂಬ ರಾಕ್ ಸಂಗೀತ ನಾಟಕ ಆಡಿಸಿದಾಗ ಯೂದನ ಪಾತ್ರ ಹಾಡಿದ್ದು ನಂದು ಭೇಂಡೆ, ಮರಾಠಿ ರಂಗಭೂಮಿಯ ಆತ್ಮಾರಾಮ ಭೇಂಡೆಯವರ ಮಗ, ಊರಿನ ರಾಕ್ ತಂಡಗಳಲ್ಲಿ ಹಾಡಿ ಹೆಸರಾದವರು. ಆಡಿಸಿದವರು ಮುಸ್ಲಿಮ್ ಮನೆತನದವರು, ಕಥೆ ಯೇಸುವಿನದು. ಜನ ಮುಗಿಬಿದ್ದು ನೋಡಿದರು. ಅದೇ ದಶಕದ ಆರಂಭದಲ್ಲಿ ಸಿಗರೇಟು ಕಂಪನಿಯೊಂದರ ಹಣದಲ್ಲಿ ನಡೆಯುತ್ತಿದ್ದ ‘ಸಿಮ್ಲಾ ಬೀಟ್’ ರಾಕ್ ಸ್ಪರ್ಧೆಗೆ ದೇಶದ ಹುಡುಗರು ಬಂದು ಸೇರುತ್ತಿದ್ದದ್ದು ನಿಮ್ಮ ಮನೆಯಿಂದ ಕೂಗಳತೆಯೆನ್ನಬಹುದಾದ ಷಣ್ಮುಖಾನಂದ ಸಭಾಗೃಹಕ್ಕೆ. ಎಂ. ಎಸ್. ಸುಬ್ಬುಲಕ್ಷ್ಮಿ ಹಾಡಿದ ಸಭಾಗೃಹವೂ ಅದೇ.

ಇನ್ನೊಂದು ಬಗೆಯವರು ತಿರುಗುವ ಅಗತ್ಯವೇ ಇಲ್ಲದವರು. ಗೋವೆಯಿಂದ ಮುಂಬಯಿಗೆ ಬಂದ ವಾದ್ಯಗಾರರು ಸ್ವರಲಿಪಿ ಕಲಿತದ್ದು ಊರಿನ ಚರ್ಚಿನ ಶಾಲೆಯಲ್ಲಿ; ಹೊಟ್ಟೆ ಹೊರೆದದ್ದು ಹೋಟೆಲಿನ ಜಾಝ್ ಬ್ಯಾಂಡುಗಳಲ್ಲಿ, ಸಿನಿಮಾ ಸ್ಟುಡಿಯೊಗಳಲ್ಲಿ. ಶನಿವಾರ ರಾತ್ರಿ ಕುಣಿತಕ್ಕೆ ನುಡಿಸಿದ ಪಿಟೀಲು ಭಾನುವಾರ ಬೆಳಿಗ್ಗೆ ಪೂಜೆಗೂ ನುಡಿಯಬಲ್ಲದು. ‘ಅಮರ್ ಅಕ್ಬರ್ ಆಂಥನಿ’ಯಲ್ಲಿ ಅಮಿತಾಭ್ ಕೂಗಿ ಹೇಳುವ ಆಂಥನಿ ಗೊನ್ಸಾಲ್ವಿಸ್ ಎಂಬ ಹೆಸರು ನಿಜವಾದ ಪಿಟೀಲು ಗುರುವಿನದು. ಗೋವೆಯ ಮಜೋರ್ಡಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಚರ್ಚಿನ ಸಂಗೀತ ಕಲಿಸುತ್ತಿದ್ದವರು. ಅವರ ಶಿಷ್ಯ ಪ್ಯಾರೇಲಾಲ್ ಹಾಡಿನಲ್ಲಿ ಗುರುವಿನ ಹೆಸರು ನಿಲ್ಲಿಸಿ ಋಣ ತೀರಿಸಿದರು. ನಮ್ಮ ಮಂಗಳೂರಿನ ‘ಕೊಂಕಣಿ ಕೋಗಿಲೆ’ ವಿಲ್ಫಿ ರೆಬಿಂಬಸ್ ಪ್ರೇಮಗೀತೆಯನ್ನೂ ಭಕ್ತಿಗೀತೆಯನ್ನೂ ಒಂದೇ ಕಂಠದಲ್ಲಿ ಹಾಡಿದರು. ಅಂಥವರನ್ನು ಯಾರೂ ದಾರಿ ತಪ್ಪಿದೆ ಎನ್ನಲಿಲ್ಲ, ದಾರಿಗೆ ಬಂದೆ ಎಂದೂ ಹೊಗಳಲಿಲ್ಲ.

ಎದುರು ದಿಕ್ಕಿನ ಪಯಣವೂ ಇದೆ. ಲಿವರ್‌ಪೂಲಿನ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1968ರ ಜನವರಿಯಲ್ಲಿ ಮುಂಬಯಿಯ ಎಚ್‌ಎಂವಿ ಸ್ಟುಡಿಯೊದಲ್ಲಿ ನಮ್ಮ ವಾದ್ಯಗಾರರೊಂದಿಗೆ ಮುದ್ರಣ ಮಾಡಿದರು. 1970ರಲ್ಲಿ ಹಲ್ಲೆಲೂಯದ ಜೊತೆಗೆ ಹರೇ ಕೃಷ್ಣ ನಾಮವನ್ನೂ ಬೆಸೆದ ಹಾಡನ್ನು ಲೋಕದ ಬಾಯಿಗೆ ಕೊಟ್ಟರು. ಎರಡನ್ನೂ ಜೊತೆಗಿಟ್ಟುಕೊಂಡವರೂ ಉಂಟು. ಲಖನೌದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ತಾರೆಯಾದ ಕ್ಲಿಫ್ ರಿಚರ್ಡ್ 1966ರಲ್ಲಿ ಬಿಲ್ಲಿ ಗ್ರಹಾಮ್ ಅವರ ಸಭೆಯಲ್ಲಿ ತಾವು ಕ್ರೈಸ್ತ ಶ್ರದ್ಧೆಯವರೆಂದು ಸಾರಿದರು. ಹಾಡುವುದನ್ನೇ ಬಿಡಬೇಕೆ ಎಂದು ಯೋಚಿಸಿ, ಬಿಡದೆ ಉಳಿದು, ಪಾಪ್ ಹಾಡನ್ನೂ ಭಕ್ತಿಗೀತೆಯನ್ನೂ ಜೊತೆಜೊತೆಗೆ ನಡೆಸಿದರು.

ತಿರುಗಿದವರ ಹಾಡಿನ ಗತಿ ಏನು ಎಂದಿರಿ. 1979ರಿಂದ 1981ರವರೆಗಿನ ಡಿಲನ್‌ರ ಆ ಮೂರು ವರ್ಷಗಳಲ್ಲೇ ಉತ್ತರವಿದೆ. ಬೆರಳು ತೋರಿಸಿ ಎದುರಿನವರನ್ನು ಹೆದರಿಸುವ ಹಾಡುಗಳು ಬೇಗ ಸೊರಗಿದವು. ಅಂಥ ಹಾಡಿನಲ್ಲಿ ಹಾಡುವವನು ದಡ ಸೇರಿಯಾಗಿದೆ, ಕೇಳುವವನು ಮಾತ್ರ ನೀರಿನಲ್ಲಿದ್ದಾನೆ. 1981ರ ‘ಶಾಟ್ ಆಫ್ ಲವ್’ ಆಲ್ಬಮಿನ ಕೊನೆಯ ಹಾಡು ‘ಎವ್ರಿ ಗ್ರೇನ್ ಆಫ್ ಸ್ಯಾಂಡ್’ ಬೇರೆ ಜಾತಿಯದು. ಅಲ್ಲಿ ಹಾಡುವವನೂ ಸೋತಿದ್ದಾನೆ, ಹೆಜ್ಜೆಯ ಸದ್ದು ಕೇಳಿ ತಿರುಗಿ ನೋಡುತ್ತಾನೆ, ನಂಬಿಕೆ ಕೈಗೆ ಸಿಕ್ಕಂತೆಯೂ ಜಾರಿದಂತೆಯೂ ಇದೆ. ಅಂದು ಕೂಗಿದವರ ಮಕ್ಕಳೂ ಅದನ್ನು ಅವರ ಅತ್ಯುತ್ತಮ ಹಾಡುಗಳ ಸಾಲಿಗೆ ಸೇರಿಸುತ್ತಾರೆ. ದಾಸರೂ ಲೋಕವನ್ನು ಬೈದಿದ್ದಾರೆ, ಡಂಬಾಚಾರವನ್ನು ಕುಟುಕಿದ್ದಾರೆ. ಆದರೆ ಬೈಯುವವರು ತಾವೂ ಅದೇ ಸಾಲಿನಲ್ಲಿ ನಿಂತು, ನನ್ನಂಥ ಪಾಪಿ ಉಂಟೆ ಎಂದು ಕೇಳಿಕೊಂಡದ್ದರಿಂದ ಆ ಬೈಗುಳ ಕೇಳುವವನಿಗೆ ಉರಿಯುವುದಿಲ್ಲ.

1983ರ ಹೊತ್ತಿಗೆ ಡಿಲನ್ ವೇದಿಕೆಯ ಉಪದೇಶ ನಿಲ್ಲಿಸಿದ್ದರು. ಶ್ರದ್ಧೆ ಬಿಟ್ಟೆ ಎಂದೇನೂ ಸಾರಲಿಲ್ಲ. 1997ರಲ್ಲಿ ಇಟಲಿಯ ಬೊಲೋನ್ಯದಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಎದುರು ಹಾಡಿದರು. 2009ರಲ್ಲಿ ಕ್ರಿಸ್‌ಮಸ್ ಹಾಡುಗಳ ಆಲ್ಬಮ್ ತಂದು ಅದರ ಗೌರವಧನವನ್ನು ಹಸಿದವರ ಊಟಕ್ಕೆ ಬರೆದುಕೊಟ್ಟರು. 2016ರಲ್ಲಿ ನೊಬೆಲ್ ಬಂತು. 2017ರಲ್ಲಿ ಆ ಮೂರು ವರ್ಷಗಳ ಕಛೇರಿಗಳ ಮುದ್ರಣಗಳು ಹೊರಬಂದಾಗ, ಎಷ್ಟು ಕಸುವಿನ ಹಾಡುಗಾರಿಕೆ ಇದು, ನಾವಾಗ ಸರಿಯಾಗಿ ಕೇಳಲೇ ಇಲ್ಲವಲ್ಲ ಎಂದು ವಿಮರ್ಶಕರು ಕೈಕೈ ಹಿಸುಕಿಕೊಂಡರು.

ಆದ್ದರಿಂದ ಮಗನಿಗೆ ಹೀಗೆ ಹೇಳಿ: ಪುರಂದರದಾಸರದ್ದು ಇದೇ ಕಥೆಯಲ್ಲ, ನೆಂಟಸ್ತಿಕೆ ಇರುವ ಕಥೆ. ಇದೇ ಕಥೆ ಬೇಕಾದರೆ ಟಿಳಕರನ್ನು ಓದು. ನೀನು ಶಾಲೆಯಲ್ಲಿ ಮರಾಠಿ ಕಲಿತಿದ್ದರೆ ‘ಸ್ಮೃತಿಚಿತ್ರೆ’ ನಿನಗೆ ಕಷ್ಟವಾಗದು. ಡಿಲನ್‌ರ ಆ ಕಾಲವನ್ನು ಕೇಳುವುದಾದರೆ ಉಪದೇಶದ ಹಾಡುಗಳಿಂದ ಶುರು ಮಾಡುವುದು ಬೇಡ, ‘ಎವ್ರಿ ಗ್ರೇನ್ ಆಫ್ ಸ್ಯಾಂಡ್’ ಮೊದಲು ಕೇಳು. ನೀವೂ ಪಕ್ಕದಲ್ಲಿ ಕೂತು ಕೇಳಿ. ಇಂಗ್ಲಿಷ್ ಪೂರ್ತಿ ಹಿಡಿಯದಿದ್ದರೂ ಆ ದನಿಯ ದೈನ್ಯ ನಿಮಗೆ ಪರಿಚಯದ್ದೇ ಅನಿಸೀತು.

ಗ್ರ್ಯಾಮಿ ಗೆದ್ದ ಆ ಊಳಿಗದ ಹಾಡನ್ನು ಡಿಲನ್ ಎಂಬತ್ತು ದಾಟಿದ ಮೇಲೂ ಕಛೇರಿಗಳಲ್ಲಿ ಹಾಡಿದರು. ನಡುವಿನ ಸಾಲುಗಳನ್ನು ಆಗಾಗ ಬದಲಿಸುತ್ತ ಬಂದಿದ್ದಾರೆ, ಪಲ್ಲವಿಯನ್ನು ಮುಟ್ಟಿಲ್ಲ. ಬೆಳಿಗ್ಗೆ ನೀವು ದೇವರನಾಮ ಹೇಳುವಾಗ ನಡುವಿನ ನುಡಿ ಮರೆತರೂ ಪಲ್ಲವಿಗೂ ಅಂಕಿತಕ್ಕೂ ತಪ್ಪದೆ ಬಂದು ಸೇರುತ್ತೀರಲ್ಲ, ಹಾಗೆ.